ಗಡಿಯೂರಿನ ದಾರಿ ಬಿಡಿಸುವ ಮೇಸ್ತ್ರಿ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಡಿಯೂರಿಗೆ ಹತ್ತುವ ರಸ್ತೆಯ ಕೊನೆಯ ತಿರುವಿನಲ್ಲಿ ಗುಡ್ಡ ಜರಿದು ಮಣ್ಣು ದಾರಿಗಡ್ಡ ಬಿದ್ದಿದೆ. ರಸ್ತೆ ಗ್ಯಾಂಗಿನ ಮೇಸ್ತ್ರಿ ಅಕ್ಕ ತಲೆಗೆ ಬಟ್ಟೆ ಬಿಗಿದು ಗುದ್ದಲಿ ಎತ್ತಿದ್ದಾರೆ. ಮಣ್ಣಿನಾಚೆ ನರ್ಸಮ್ಮನ ಜೀಪು ಒಂದೇ ಸಮ ಹಾರ್ನ್ ಹೊಡೆಯುತ್ತಿದೆ. ಈಚೆ, ಊರಿನಲ್ಲಿ, ಅಕ್ಕನ ಸೊಸೆಗೆ ಹೆರಿಗೆ ನೋವು ಶುರುವಾಗಿದೆ.

"ಅಕ್ಕಾ, ಎಲ್ಲಾ ಚರಂಡಿಗೆ ನೂಕಿಬಿಡೋಣ. ಜೀಪು ಈಗ್ಲೇ ದಾಟುತ್ತೆ," ಎನ್ನುತ್ತಾನೆ ಗ್ಯಾಂಗಿನವನೊಬ್ಬ.

"ನೂಕಿದ್ರೆ ಕೈ ಮುರೀತೀನಿ. ಬುಟ್ಟಿ ತಗೊಳ್ರೋ!"

ರಸ್ತೆ ಇಲ್ಲದ ಕಾಲದಲ್ಲಿ ಇಲ್ಲಿದ್ದದ್ದು ಬೆರಳೆಣಿಕೆಯ ಮನೆಗಳು. ಬಸುರಿಯರು ದಿನ ತುಂಬುವ ಮೊದಲೇ ಪಟ್ಟಣಕ್ಕಿಳಿಯುತ್ತಿದ್ದರು. ಇಳಿದವರಲ್ಲಿ ಬಹಳಷ್ಟು ಮಂದಿ ಮತ್ತೆ ಹತ್ತಲೇ ಇಲ್ಲ. ಶಾಲೆಗೆ ಬೀಗ ಬಿತ್ತು. ರಸ್ತೆಯೂ ಅದರ ಬೆನ್ನಿಗೇ ಕರೆಂಟೂ ಬಂದ ಮೇಲೆ ಊರಿಗೆ ಜೀವ ಬಂತು. ಹೊಸ ಸಂಸಾರಗಳು ತಗಡು, ಕಿಟಕಿ, ತೊಟ್ಟಿಲು ಹೇರಿಕೊಂಡು ಬರತೊಡಗಿದವು.

ಆ ಸಂಭ್ರಮದಲ್ಲೇ ಎಡವಟ್ಟಾಯಿತು. ಸಾಮಾನಿನ ಲಾರಿಗಳು ಕಾಯುತ್ತಿವೆಯೆಂದು ಇದೇ ಗ್ಯಾಂಗು ಒಮ್ಮೆ ಜರಿದ ಮಣ್ಣನ್ನು ಚರಂಡಿಗೆ ನೂಕಿತು. ಲಾರಿಗಳೇನೋ ದಾಟಿದವು. ಮುಂದಿನ ಮಳೆಗೆ, ಹರಿಯಲು ಜಾಗವಿಲ್ಲದ ನೀರು ರಸ್ತೆಯನ್ನೇ ಕೊಚ್ಚಿಕೊಂಡು ಹೋಯಿತು. ತಿಂಗಳುಗಟ್ಟಲೆ ದಾರಿಯಿಲ್ಲ. ಬಂದವರಲ್ಲಿ ಅರ್ಧಕ್ಕರ್ಧ ಜನ ಗಂಟುಮೂಟೆ ಕಟ್ಟಿ ನಡೆದೇ ಇಳಿದುಹೋದರು.

"ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋದ್ರು. ಅವರ ಮುಖ ನೋಡೋಕೂ ಆಗ್ಲಿಲ್ಲ ನಂಗೆ," ಎನ್ನುತ್ತಾರೆ ಅಕ್ಕ. "ಅವತ್ತೇ ತೀರ್ಮಾನ ಮಾಡ್ದೆ. ಮೊದ್ಲು ಚರಂಡಿ, ಆಮೇಲೆ ರಸ್ತೆ. ಯಾರೇ ಬಂದು ನಿಂತ್ರೂ ಅಷ್ಟೇ."

ಇವತ್ತು ಬಂದು ನಿಂತಿರುವುದು ಸ್ವಂತ ಮೊಮ್ಮಗು. ಮಗ ಏದುಸಿರು ಬಿಡುತ್ತ ಓಡಿಬಂದು ರೇಗುತ್ತಾನೆ. "ಅಮ್ಮಾ, ಇವತ್ತೊಂದಿನ ನಿನ್ನ ಹಟ ಬಿಡಬಾರ್ದಾ?"

"ದಾಟಬೇಕಾಗಿರೋದು ನರ್ಸಮ್ಮ ಕಣೋ, ಜೀಪಲ್ಲ. ಹಲಗೆ ಹಾಕು!"

ಮೆತ್ತಗಿನ ಮಣ್ಣಿನ ಮೇಲೆ ಹಲಗೆಗಳು ಬೀಳುತ್ತವೆ. ಅಕ್ಕ ತಾವೇ ಆಚೆ ಹೋಗಿ, ಮೊಣಕಾಲವರೆಗೆ ಕೆಸರಲ್ಲಿ ನಿಂತು, ನರ್ಸಮ್ಮನ ಕೈ ಹಿಡಿದು ದಾಟಿಸುತ್ತಾರೆ.

"ಜಾರಿಬಿದ್ರೆ ನಂಗೂ ನೀವೇ ಬಾಣಂತನ ಮಾಡ್ಬೇಕು," ಎಂದು ನಗಿಸುತ್ತಲೇ ನರ್ಸಮ್ಮ ಊರಿನತ್ತ ದಾಪುಗಾಲು ಹಾಕುತ್ತಾರೆ. ಚೀಲ ಹೊತ್ತು ಮಗ ಹಿಂದೆ ಓಡುತ್ತಾನೆ. ಅಕ್ಕ ಅತ್ತ ಒಮ್ಮೆ ನೋಡಿ, ತುಟಿ ಕಚ್ಚಿಕೊಂಡು ಮತ್ತೆ ಚರಂಡಿಗಿಳಿಯುತ್ತಾರೆ.

ಬಿಸಿಲೇರುವ ಹೊತ್ತಿಗೆ ಮೇಲಿನಿಂದ ಮಗನ ಕೂಗು ಕೇಳುತ್ತದೆ. ಹೆಣ್ಣು ಮಗು; ತಾಯಿ, ಮಗು ಇಬ್ಬರೂ ಕ್ಷೇಮ. ಗ್ಯಾಂಗಿನವರು ಬುಟ್ಟಿ ಎಸೆದು ಕುಣಿಯುತ್ತಾರೆ. ಹೋಗಿ ನೋಡಿಕೊಂಡು ಬನ್ನಿ ಎಂದರೆ, ಅಕ್ಕ ಕೆಸರು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ.

"ಹೋಗ್ತೀನಿ ಇರಿ, ಇನ್ನೂ ನಾಲ್ಕು ಬುಟ್ಟಿ ಮಣ್ಣಿದೆ. ಅವಳು ಇಲ್ಲಿ ಹುಟ್ಟಿಬಿಟ್ರೆ ಸಾಕಾ? ಇಲ್ಲೇ ಇರ್ಬೇಕಲ್ಲ!"