ಕಾರಿನ ಹೊಸಿಲು

ನಮ್ಮ ಮೇಡಂ ಉಡುತ್ತಿದ್ದ ಕಾಟನ್ ಸೀರೆಗಳ ಕೆಳಗಂಚಿನಲ್ಲಿ ಗ್ರೀಸಿನ ಕಲೆ ಇದ್ದೇ ಇರುತ್ತಿತ್ತು. ಎಷ್ಟು ಒಗೆದರೂ ಹೋಗದ ಕಲೆ. ಮಾದರಿ ಕಾರಿನೊಳಗೆ ನುಗ್ಗಿ ಸೀಟಿನ ಕೆಳಗೆಲ್ಲ ತಲೆ ತೂರಿಸುವವರ ಸೀರೆ ಇನ್ನು ಹೇಗಿರಬೇಕು ಹೇಳಿ!

ತೊಂಬತ್ತರ ದಶಕದ ಕೊನೆ. ಸಿ.ವಿ. ರಾಮನ್ ನಗರದ ಹತ್ತಿರ ವಿದೇಶಿ ಕಾರು ಕಂಪನಿಯೊಂದರ ವಿನ್ಯಾಸ ಕೇಂದ್ರ. ಅವರು ನಮ್ಮ ವಿಭಾಗದ ಮುಖ್ಯಸ್ಥೆ, ನಾನು ಹೊಸದಾಗಿ ಸೇರಿದ ಎಂಜಿನಿಯರ್. ಹೆಸರಿಗಷ್ಟೇ ವಿನ್ಯಾಸ, ಮಾಡುತ್ತಿದ್ದದ್ದು ವಿದೇಶದ ಮುಖ್ಯ ಕಚೇರಿಯಿಂದ ಬಂದ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಮೇಡಂ ಕೇಳಿದರು.

ಇಲ್ಲಿ ಮಾರಲೆಂದೇ ಮಾಡುತ್ತಿದ್ದ ಕಾರಿನ ಹಿಂಬಾಗಿಲ ಹೊಸಿಲು, ಅಂದರೆ ಹತ್ತುವಾಗ ಕಾಲೆತ್ತಿ ದಾಟುವ ಅಂಚು, ತೀರಾ ಎತ್ತರವಾಗಿತ್ತು. ಹಲಸೂರಿನ ಮನೆಯಲ್ಲಿದ್ದ ಅವರ ತಾಯಿಗೆ ಮಂಡಿನೋವು. "ನಮ್ಮಮ್ಮ ಸೀರೆ ಉಟ್ಕೊಂಡು ಹತ್ತಕ್ಕಾಗದ ಕಾರನ್ನ ಈ ಊರಿನವ್ರು ಯಾಕ್ರೀ ತಗೋಬೇಕು?" ಎಂದು ಪಟ್ಟು ಹಿಡಿದರು. ಹೊಸಿಲು ತಗ್ಗಿದರೂ ಕಾರಿನ ಗಟ್ಟಿತನ ಕಡಿಮೆಯಾಗದಂತೆ ನನ್ನಿಂದ ಹೊಸ ನಕ್ಷೆ ಮಾಡಿಸಿದರು. ಮುಖ್ಯ ಕಚೇರಿ ಒಪ್ಪಲಿಲ್ಲ. ತಿದ್ದಿ ಕಳಿಸಿದೆವು, ಮತ್ತೂ ಒಪ್ಪಲಿಲ್ಲ. ನನಗೆ ರೋಸಿಹೋಯಿತು.

"ಬಿಟ್ಬಿಡೋಣ ಮೇಡಂ" ಅಂದೆ.

"ಬಿಡೋದಾ? ಸುಮ್ನೆ ಕೂತ್ಕೊಳ್ರೀ. ಅವ್ರೇ ಬರ್ತಿದ್ದಾರಲ್ಲ, ಬರ್ಲಿ."

ಮುಖ್ಯ ವಿನ್ಯಾಸಕಾರನೇ ವಿದೇಶದಿಂದ ಬಂದ. ಅಂದು ಅವನು ಒಪ್ಪದಿದ್ದರೆ ಕಾರ್ಖಾನೆಯಲ್ಲಿ ಹಳೆಯ ನಕ್ಷೆಯಂತೆಯೇ ಕಾರಿನ ಭಾಗಗಳ ಅಚ್ಚು ತಯಾರಿ ಶುರು. ಆಮೇಲೆ ಒಂದು ಗೆರೆಯನ್ನೂ ಬದಲಿಸುವಂತಿರಲಿಲ್ಲ. ಮೇಡಂ ಶಿವಾಜಿನಗರದಿಂದ ಒಂದು ಹೊಸ ಲುಂಗಿ ತಂದಿದ್ದರು. ಪ್ಯಾಂಟಿನ ಮೇಲೇ ಅದನ್ನು ಉಟ್ಟು ಹಿಂದಿನ ಸೀಟಿಗೆ ಹತ್ತಿ ತೋರಿಸಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ಆತ ನಕ್ಕ. ಮೇಡಂ ನಗಲಿಲ್ಲ. ಕೊನೆಗೆ ಉಟ್ಟ, ಕಾಲೆತ್ತಿದ, ಲುಂಗಿ ಪರ್ರೆಂದು ಹರಿಯಿತು. ಅಯ್ಯೋ, ಇವತ್ತಿಗೆ ನಮ್ಮೆಲ್ಲರ ಕೆಲಸ ಹೋಯಿತು ಅಂದುಕೊಂಡೆ.

ಆತ ಹರಿದ ಲುಂಗಿಯಲ್ಲೇ ಆ ಹೊಸಿಲ ಮೇಲೆ ಕೂತು, ಎಷ್ಟು ತಗ್ಗಿಸಬಹುದು ಎಂದು ಕೇಳಿದ. ಉತ್ತರ ಮೇಡಂಗೆ ಬಾಯಿಪಾಠ. ಆದರೂ ನನ್ನ ಕಡೆ ತಿರುಗಿದರು. "ಹೇಳ್ರೀ. ನಕ್ಷೆ ಮಾಡಿದ್ದು ನೀವು, ನೀವೇ ಹೇಳ್ಬೇಕು."

ನಕ್ಷೆ ಬಿಚ್ಚಿ, ಹೆದರುತ್ತಲೇ ಹೇಳಿದೆ. ಹೊಸಿಲು ತಗ್ಗಿತು. ದೊಡ್ಡವರ ಎದುರು ನಿಂತು ಮಾತಾಡಲು ನಾನು ಆಮೇಲೆಂದೂ ಹೆದರಿಲ್ಲ. ಆ ಧೈರ್ಯ ಅವರು ಕೊಟ್ಟದ್ದು.

ಕೆಲವು ವರ್ಷಗಳಾದ ಮೇಲೆ ಮೇಡಂ ಕಾಯಿಲೆ ಬಿದ್ದು ತೀರಿಕೊಂಡರು. ತಾಯಿ ಇನ್ನೂ ಇದ್ದರು. ಮಗಳ ಜೊತೆ ಸ್ಮಶಾನದವರೆಗೂ ಬಂದೇ ಬರುತ್ತೇನೆಂದು ಹಟ ಹಿಡಿದರು. ಬೇಡವೆಂದವರ ಮಾತು ಅವರ ಮುಂದೆ ನಡೆಯಲಿಲ್ಲ. ನನ್ನದೂ ನಾವು ಮಾಡಿದ ಅದೇ ಕಾರು. ಹಿಂಬಾಗಿಲು ತೆರೆದು, ಹತ್ತಿಸಲು ಕೈ ಚಾಚಿದೆ.

"ಬೇಡಪ್ಪ, ನಾನೇ ಹತ್ಕೋತೀನಿ" ಎಂದು ಆಕೆ ನೆರಿಗೆ ಹಿಡಿದುಕೊಂಡು, ಸಲೀಸಾಗಿ ಹತ್ತಿ ಕೂತರು. ಬಾಗಿಲು ಹಾಕಲೂ ಆಗದೆ ನಾನು ಅಲ್ಲೇ ನಿಂತು ಅತ್ತುಬಿಟ್ಟೆ.