ಪುಟ್ಟಬಸಮ್ಮನ ಬೀಜದ ಬದನೆ

ಮೈಸೂರಿನ ಇಟ್ಟಿಗೆಗೂಡಿನ ಆ ಬೀದಿಯಲ್ಲಿ ಪುಟ್ಟಬಸಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಹಾಲಿನವನು ಮೊದಲು ಅವಳ ಮನೆಗೆ ಹಾಲು ಅಳೆದುಕೊಟ್ಟು, ನೀರು ಬೆರೆಸುವ ಕೆಲಸವನ್ನು ಮುಂದಿನ ತಿರುವಿಗೆ ಇಟ್ಟುಕೊಳ್ಳುತ್ತಿದ್ದ. ಕೋಪ ಮೂಗಿನ ತುದಿಯಲ್ಲಿ ಇರುತ್ತೆ ಅಂತಾರಲ್ಲ, ಇವಳದು ಅಲ್ಲಿಂದಲೂ ಒಂದು ಗೇಣು ಮುಂದಕ್ಕೇ ಇತ್ತು. ಆದರೆ ಒಂದು ಮಾತು ಹೇಳಲೇಬೇಕು: ಆ ಕೋಪ ಬಹಳ ಸಲ ನ್ಯಾಯವಾದದ್ದೇ. ಶಿವಲಿಂಗಯ್ಯನಂಥ ಗಂಡನ ಜೊತೆ ಇಪ್ಪತ್ತೆರಡು ವರ್ಷ ಬಾಳಿದ ಹೆಂಗಸಿಗೆ ಕೋಪ ಬರದೇ ಇದ್ದಿದ್ದರೆ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಬೇಕಾಗುತ್ತಿತ್ತು.

ಶಿವಲಿಂಗಯ್ಯ ಒಂದು ಛಾಪಾಖಾನೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದ. ಒಳ್ಳೆಯ ಮನುಷ್ಯ. ಬೀದಿಯವರೆಲ್ಲ ಹಾಗೆ ಅನ್ನುತ್ತಿದ್ದರು, ಪುಟ್ಟಬಸಮ್ಮನ ಹೊಟ್ಟೆ ಉರಿಯುತ್ತಿದ್ದುದೂ ಅದಕ್ಕೇ. ಊರಿಗೆ ಉಪಕಾರಿ, ಮನೆಗೆ ಮಾರಿ. ಯಾರು ಏನು ಕೇಳಿದರೂ ಇಲ್ಲ ಅನ್ನಲಾರ, ಯಾರಿಗೂ ಹೇಳದೆ ಕೊಟ್ಟುಬಿಡುತ್ತಾನೆ. ಅದು ಸಾಲದು ಅಂತ ಮನೆ ರಿಪೇರಿಯ ಹುಚ್ಚು ಬೇರೆ. ಗಾರೆಯವನನ್ನೋ ಬಡಗಿಯನ್ನೋ ಕರೆಸುವುದೆಂದರೆ ಅವನಿಗೆ ಅವಮಾನ. ಒಡೆದದ್ದಕ್ಕೆಲ್ಲ ಮೈದಾ ಅಂಟು ಮತ್ತು ರಟ್ಟಿನ ಬಟ್ಟೆ ಎರಡೇ ಮದ್ದು. ಬಚ್ಚಲ ತೊಟ್ಟಿಯ ಬಿರುಕಿಗೂ ಅದನ್ನೇ ಹಚ್ಚಿ, ಅದು ಎರಡೇ ದಿನಕ್ಕೆ ಕೊಳೆತು ನಾರಿ, ಒಂದು ವಾರ ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ಸ್ನಾನ ಮಾಡಿದ್ದರು. ವಿನಾಯಕನ ಮಾಡಲು ಹೋಗಿ ಅವರಪ್ಪನ ಮಾಡುವವನು ಇವನು.

ಮನೆಯ ಹಿಂದೆ ಹತ್ತು ಮಾರು ಹಿತ್ತಲಿತ್ತು. ಅದು ಪುಟ್ಟಬಸಮ್ಮನ ರಾಜ್ಯ. ಬೇಸಿಗೆಯಲ್ಲಿ ಬಾವಿಯಿಂದ ನೀರು ಸೇದಿ ಸೇದಿ ಹೀರೆ, ದಂಟು, ಚಪ್ಪರದವರೆ, ಬೆಂಡೆ ಎಲ್ಲ ಬೆಳೆಯುತ್ತಿದ್ದಳು. ಆದರೆ ಅವಳ ಜೀವ ಇದ್ದುದು ಬದನೆಯ ಮಡಿಯಲ್ಲಿ. ಅವಳ ತವರು ಈರನಗೆರೆ. ಆ ಕೇರಿಯ ಬದನೆಯ ಬೀಜವನ್ನು ಅವಳ ಅವ್ವ ಮದುವೆಯಲ್ಲಿ ಮಡಿಲಿಗೆ ಕಟ್ಟಿ ಕಳಿಸಿದ್ದಳು. ಆಮೇಲೆ ರಸ್ತೆ ಅಗಲ ಮಾಡುವಾಗ ತವರಿನ ಹಿತ್ತಲೇ ಹೋಯಿತು, ಅವ್ವನೂ ಹೋದಳು. ಈಗ ದೇವರಾಜ ಮಾರ್ಕೆಟ್ಟಿನಲ್ಲಿ ಈರನಗೆರೆ ಬದನೆ ಅಂತ ಕೂಗಿ ಮಾರುವುದೆಲ್ಲ ಅವಳ ಪ್ರಕಾರ ಕಳ್ಳ ಬದನೆ. ಅಸಲಿ ತಳಿ ಇರುವುದು ಇವಳ ಮಡಿಯಲ್ಲಿ ಮಾತ್ರ. ಪ್ರತಿ ವರ್ಷ ಒಳ್ಳೆ ಗಿಡದ ಐದು ಕಾಯಿಗಳನ್ನು ಆರಿಸಿ, ಎಳೆಯದರಲ್ಲೇ ಒಂದೊಂದಕ್ಕೂ ಬೆರಳಿನಿಂದ ಸುಣ್ಣದ ಬೊಟ್ಟು ಇಡುತ್ತಿದ್ದಳು. ಬೊಟ್ಟಿಟ್ಟ ಕಾಯಿ ಬೀಜಕ್ಕೆ ಮೀಸಲು. ಅದು ಗಿಡದಲ್ಲೇ ಹಣ್ಣಾಗಿ ಹಳದಿಗೆ ತಿರುಗಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು.

ಏಕೀಕರಣವಾಗಿ ಮೂರನೇ ಬೇಸಿಗೆ. ಹಿಂದಿನ ಮಳೆಗಾಲದಲ್ಲಿ ಸೂರು ಸೋರಿ, ಅಟ್ಟದ ಮೇಲಿದ್ದ ಬೀಜದ ಮಡಕೆಗೆ ನೀರಿಳಿದು ಎಲ್ಲ ಬೂಷ್ಟು ಹಿಡಿದಿತ್ತು. ಉಳಿದಿದ್ದ ಒಂದು ಚಿಟಿಕೆಯನ್ನೇ ಈ ಸಲ ಬಿತ್ತಿದ್ದಳು. ಹದಿನೇಳು ಗಿಡ ಎದ್ದವು. ಈ ಸಲದ ಐದು ಬೊಟ್ಟಿನ ಕಾಯಿ ಹಣ್ಣಾಗದಿದ್ದರೆ ಅವ್ವನ ತಳಿ ಮುಗಿದಂತೆಯೇ. ಹೀಗಾಗಿ ಅವಳೇ ಗಂಡನ ಬೆನ್ನು ಹತ್ತಿದಳು: "ಭರಣಿ ಮಳೆ ಜೋರಾಗೋದ್ರೊಳಗೆ ಹೆಂಚು ಕೈಯಾಡ್ಸಿ. ನಿಮ್ಮ ಕೈಲಿ ಆಗ್ದಿದ್ರೆ ಆಳು ಕರೀರಿ."

ಆಳು ಕರೀರಿ ಅಂದದ್ದೇ ತಪ್ಪಾಯಿತು. ಶಿವಲಿಂಗಯ್ಯ ಹತ್ತು ದಿನ ರಜ ಹಾಕಿ ತಾನೇ ಏಣಿ ಹತ್ತಿದ.

ಅಮಾವಾಸ್ಯೆಯ ದಿನ ಪುಟ್ಟಬಸಮ್ಮ ಬೆಳಗಿನ ರೈಲಿಗೆ ನಂಜನಗೂಡಿಗೆ ಹೋದಳು. ಹೊಳೆಯಲ್ಲಿ ಮಿಂದು, ನಂಜುಂಡೇಶ್ವರನ ದರ್ಶನ ಮಾಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಳು. ಕಾಲು ನೋವಿಗೆ ಉಂಡು ಹಾಗೇ ಮಲಗಿಬಿಟ್ಟಳು. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದವಳಿಗೆ ಮೊದಲು ಕಂಡಿದ್ದು ಗೋಡೆ, ಬೆಳ್ಳಗೆ ಸುಣ್ಣ ಬಳಿದಿತ್ತು. ಆಮೇಲೆ ಕಂಡಿದ್ದು ಹಿಂಭಾಗದ ಮಾಡಿನಿಂದ ಇಳಿಸಿ ಸಾಲಾಗಿ ಪೇರಿಸಿದ್ದ ಹೆಂಚು. ಹೆಂಚು ಕೂತಿದ್ದ ಜಾಗ ಬದನೆಯ ಮಡಿ.

ಒಂದು ಗಿಡವೂ ಇರಲಿಲ್ಲ. ಕಿತ್ತ ಗಿಡಗಳು ಮೂಲೆಯಲ್ಲಿ ಬಾಡಿ ಬಿದ್ದಿದ್ದವು. ಅವಳು ಓಡಿಹೋಗಿ ಒಂದೊಂದನ್ನೇ ಎತ್ತಿ ನೋಡಿದಳು. ಕಾಯಿ ಅನ್ನುವುದು ಒಂದೂ ಇಲ್ಲ.

"ರೀ!"

ಆ ಕೂಗಿಗೆ ಮಾಡಿನ ಮೇಲಿದ್ದ ಶಿವಲಿಂಗಯ್ಯನ ಕೈಯಿಂದ ಒಂದು ಹೆಂಚು ಜಾರಿ ಚೂರಾಯಿತು. ಅವನು ರೀಪಿನ ಮೇಲೆ ಕೂತು ಅರಮನೆಯ ಕಡೆ ನೋಡತೊಡಗಿದ. ಬಾಯಿ ಬಿಟ್ಟವಳು ಮಗಳು ವಸಂತ. ಹದಿನೇಳರ ಹುಡುಗಿ, ಅಪ್ಪನ ಕಡೆಯವಳು.

"ಅವ್ವ, ಬೈಬೇಡ. ಹೆಂಚು ಇಳಿಸೋ ಮುಂಚೆ ಗೋಡೆಗೆ ಸುಣ್ಣ ಹೊಡೆದ್ಬುಡೋಣ ಅಂದ್ರು ಅಪ್ಪ. ಹೊಡೆಯೋವಾಗ ಬದನೆಕಾಯಿ ಮೇಲೆಲ್ಲ ಸಿಡಿದ್ಬುಡ್ತು. ನೀನು ನೋಡಿದ್ರೆ ಬೈತೀಯ ಅಂತ ಒದ್ದೆ ಬಟ್ಟೆಲಿ ಒಂದೊಂದೇ ಕಾಯಿ ಒರೆಸಿದ್ವಿ."

"ಒಂದೊಂದೇ ಕಾಯಿನಾ?"

"ಹೂಂ. ಚೆನ್ನಾಗಿ ಒರೆಸಿದ್ವಿ. ಆಮೇಲೆ ನೋಡಿದ್ರೆ ಬೀಜದ್ದು ಯಾವ್ದು, ಸಾರಿನದು ಯಾವ್ದು ಗೊತ್ತಾಗ್ಲಿಲ್ಲ. ಇನ್ನೂ ಒಂದೂ ಹಳದಿ ತಿರುಗಿರ್ಲಿಲ್ವಲ್ಲ. ಹೆಂಗಿದ್ರೂ ಗೊತ್ತಾಗಲ್ಲ, ಗಿಡಾನೂ ಮುದಿಯಾಗಿದೆ, ಹೆಂಚು ಇಡೋಕೆ ಜಾಗ ಬೇಕು ಅಂತ ಅಪ್ಪ ಎಲ್ಲಾ ಕೊಯ್ದು..."

"ಕೊಯ್ದು?"

"ಚಿಕ್ಕಮ್ಮನ ಮನೆಗೆ ಕೊಟ್ಟು ಬಂದ್ರು. ಬುಟ್ಟಿಲಿ. ಸೈಕಲ್ ಮೇಲೆ."

ಪುಟ್ಟಬಸಮ್ಮ ಬೈಯಲಿಲ್ಲ. ಅದನ್ನು ಕಂಡು ಶಿವಲಿಂಗಯ್ಯನಿಗೆ ನಿಜಕ್ಕೂ ಭಯವಾಯಿತು. ಅವಳು ತಲೆಯೆತ್ತಿ, "ನಾನು ವಾಪಸ್ ಬರೋವರೆಗೂ ಅಲ್ಲೇ ಕೂತಿರಿ" ಅಂದಳು. ಏಣಿಯನ್ನು ಎತ್ತಿ ಬಾವಿಯ ಪಕ್ಕಕ್ಕೆ ಒರಗಿಸಿ, ವಸಂತಳ ಕಡೆ ಒಂದು ನೋಟ ಬೀರಿ, ಸೆರಗು ಬಿಗಿದು ಹೊರಟಳು.

ಆ ಚಿಕ್ಕಮ್ಮನ ಮನೆಯಿದ್ದ ಒಂಟಿಕೊಪ್ಪಲಿಗೆ ಮೂರು ಮೈಲಿಗೆ ಕಡಿಮೆಯಿಲ್ಲ. ಜಟಕಾದವನು ಎರಡು ಸಲ ಕರೆದ, ಅವಳಿಗೆ ಕೇಳಿಸಲೇ ಇಲ್ಲ. ಅರಮನೆ ದಾಟಿ, ದೊಡ್ಡ ಗಡಿಯಾರ ದಾಟಿ, ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಒಳಗೊಳಗೇ ಬೈದುಕೊಂಡು ನಡೆದಳು. ಕೊಡುವುದಕ್ಕೆ ಇಡೀ ಮೈಸೂರಿನಲ್ಲಿ ಇವನಿಗೆ ಸಿಕ್ಕಿದ್ದು ಆ ಭಾಗ್ಯಮ್ಮನೇ! ಮೈದುನನ ಹೆಂಡತಿ, ವಾರಗಿತ್ತಿ. ಆರು ವರ್ಷದ ಹಿಂದೆ ಬೇರೆ ಮನೆ ಮಾಡಿಕೊಂಡು ಹೋಗುವಾಗ, "ಅಕ್ಕಾ, ಒಂದು ಚಿಟಿಕೆ ಬದನೆ ಬೀಜ ಕೊಡಿ, ಹೊಸ ಹಿತ್ತಲಲ್ಲಿ ಹಾಕ್ತೀನಿ" ಅಂತ ಕೇಳಿದ್ದಳು. ಬೀಜ ಹೊರಗೆ ಹೋದರೆ ಮನೆಯ ಫಲ ಹೋಗುತ್ತೆ ಅನ್ನುತ್ತಿದ್ದಳು ಅವ್ವ. ಪುಟ್ಟಬಸಮ್ಮ ಇಲ್ಲ ಅಂದಿದ್ದಳು. ಅಷ್ಟು ಅಂದಿದ್ದರೆ ಸಾಕಿತ್ತು. "ಇಲಿ ತಿಂದ್ಬುಟ್ಟಿದೆ ಕಣೇ" ಅಂತ ಒಂದು ಸುಳ್ಳನ್ನೂ ಸೇರಿಸಿದ್ದಳು. ಅವತ್ತಿನಿಂದ ಇಬ್ಬರ ನಡುವೆ ಹಬ್ಬದ ಮಾತು ಬಿಟ್ಟರೆ ಬೇರೆ ಮಾತಿಲ್ಲ, ಇವಳು ಆ ಮನೆಯ ಹೊಸಿಲು ತುಳಿದೂ ಇಲ್ಲ.

ಇರಲಿ. ಬುಟ್ಟಿ ವಾಪಸ್ ತರುವುದು, ಬಲಿತ ಕಾಯಿಗಳನ್ನು ಹೊಟ್ಟಿನಲ್ಲಿಟ್ಟು ಹಣ್ಣು ಮಾಡುವುದು, ನಾಲ್ಕು ಬೀಜವಾದರೂ ದಕ್ಕುತ್ತೆ. ಆ ಒಂದು ಆಸೆಯ ಮೇಲೆ ಅವಳು ಬಿಸಿಲಿನಲ್ಲಿ ನಡೆದಳು.

ಭಾಗ್ಯಮ್ಮ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆಗೆ ಕಲಗಚ್ಚು ಇಡುತ್ತಿದ್ದಳು. ವಾರಗಿತ್ತಿಯನ್ನು ಕಂಡು ಎದ್ದು ನಿಂತಳು.

"ಬನ್ನಿ ಅಕ್ಕ. ಇದೇನು, ನಡ್ಕೊಂಡೇ ಬಂದ್ರಾ?"

"ಬದನೆಕಾಯಿ ಎಲ್ಲಿ?"

"ಯಾವ್ದು, ಭಾವ ನಿನ್ನೆ ತಂದ್ಕೊಟ್ರಲ್ಲ, ಅದಾ? ಅಕ್ಕಪಕ್ಕದವರಿಗೆ ಒಂದಿಷ್ಟು ಹಂಚಿದೆ. ಮಿಕ್ಕಿದ್ದು ಎಣ್ಣೆಗಾಯಿ ಮಾಡ್ಬುಟ್ಟೆ ಕಣಕ್ಕ. ನಾಲ್ಕೈದು ತೀರಾ ಬಲಿತಿದ್ವು, ಒಳಗೆಲ್ಲ ಬೀಜ. ಬೀಜ ತೆಗೆದು ಎಮ್ಮೆಗೆ ಹಾಕ್ದೆ."

ಪುಟ್ಟಬಸಮ್ಮ ಎಮ್ಮೆಯನ್ನು ನೋಡಿದಳು. ಆ ಎಮ್ಮೆಯನ್ನು ಅಲ್ಲೇ ಹೊಡೆದುಹಾಕಬೇಕು ಅನ್ನಿಸಿತು ಅವಳಿಗೆ. ಅದು ನೆಮ್ಮದಿಯಾಗಿ ಕಲಗಚ್ಚು ಕುಡಿಯುತ್ತಿತ್ತು. ನೀರು ಕುಡಿಯಲೆಂದು ಹಿತ್ತಲಿನ ಹಂಡೆಯ ಕಡೆ ತಿರುಗಿದಳು.

ಹಂಡೆಯ ಆಚೆ ಬದನೆಯ ಮಡಿ ಇತ್ತು. ಮೂವತ್ತಕ್ಕೆ ಕಡಿಮೆಯಿಲ್ಲದ ಗಿಡ. ಅದೇ ಎಲೆ, ಅದೇ ತೊಟ್ಟು, ಅದೇ ಕಾಯಿ. ಕೆಲವು ಕಾಯಿಗಳ ಮೇಲೆ ಸುಣ್ಣದ ಬೊಟ್ಟು. ಎರಡು ಆಗಲೇ ಹಳದಿಗೆ ತಿರುಗಿದ್ದವು.

"ಇದೆಲ್ಲಿಂದ ಬಂತು?"

"ನೀವೇ ಕಳಿಸಿದ್ದು ಅಂತ ಭಾವ ತಂದ್ಕೊಟ್ರಲ್ಲ ಅಕ್ಕ, ಒಕ್ಕಲು ಬಂದ ವರ್ಷಾನೇ. 'ಅವತ್ತು ಇಲ್ಲ ಅಂದಿದ್ದಕ್ಕೆ ನಿಮ್ಮಕ್ಕ ನೊಂದ್ಕೊಂಡವ್ಳೆ, ತಗೋ' ಅಂದ್ರು. ಬೊಟ್ಟಿಡೋದು ನಿಮ್ಮನ್ನ ನೋಡೇ ಕಲ್ತಿದ್ದು."

ಆರು ವರ್ಷ! ಅವಳ ಮಡಕೆಗೆ ಕೈಹಾಕಿ, ಅವ್ವನ ಬೀಜ ಕದ್ದು, ಕದ್ದಿದ್ದಕ್ಕೆ ಅವಳ ಹೆಸರನ್ನೇ ಹೇಳಿ, ಮನೆಗೆ ಬಂದು ಏನೂ ತಿಳಿಯದವನ ಹಾಗೆ ಅವಳ ಕೈಯ ಮುದ್ದೆ ಉಂಡಿದ್ದಾನೆ ಆ ಮನುಷ್ಯ. ಕೋಪ ಅಂದರೆ ಏನು ಅನ್ನುವುದು ಪುಟ್ಟಬಸಮ್ಮನಿಗೆ ಅವತ್ತು ಗೊತ್ತಾಯಿತು. ಇಷ್ಟು ದಿನ ಪಟ್ಟಿದ್ದೆಲ್ಲ ಬರೀ ಸಿಡುಕು. ಮಾಡಿನ ಮೇಲೇ ಬಿಸಿಲಲ್ಲಿ ಒಣಗಲಿ ಅವನು ಅಂದುಕೊಂಡಳು.

ಈಗ ಒಂದು ಮಾತು ಹೇಳಿದರೆ ಸಾಕಿತ್ತು. ಹೂಂ ಕಣೇ, ನಾನೇ ಕಳಿಸಿದ್ದು. ಹಾಗಂದು ಎರಡು ಹಣ್ಣು ಕಿತ್ತುಕೊಂಡು ದೊಡ್ಡಕ್ಕನ ಗತ್ತಿನಲ್ಲಿ ಹೊರಟುಬಿಡಬಹುದಿತ್ತು. ಆದರೆ ಗಂಡನ ಸುಳ್ಳಿನ ಅಂಗಿ ತೊಟ್ಟು ದೊಡ್ಡವಳಾಗುವುದಕ್ಕೆ ಅವಳ ಕೋಪವೇ ಬಿಡಲಿಲ್ಲ.

"ನಾನು ಕಳಿಸ್ಲಿಲ್ಲ ಭಾಗ್ಯ. ಅವರು ಕದ್ದು ತಂದ್ರು. ಅವತ್ತು ಮಡಕೆ ತುಂಬ ಬೀಜ ಇತ್ತು. ಇಲಿ ಗಿಲಿ ಏನೂ ತಿಂದಿರ್ಲಿಲ್ಲ."

ಭಾಗ್ಯಮ್ಮ ಕೈ ಒರೆಸಿಕೊಂಡಳು. ಅವಳ ಮುಖದ ಸೌಮ್ಯತೆಯೆಲ್ಲ ಎಲ್ಲೋ ಹೊರಟುಹೋಯಿತು.

"ಗೊತ್ತು."

"ಏನು ಗೊತ್ತು?"

"ಎಲ್ಲಾ ಗೊತ್ತು. ನೀವು ಕಳಿಸಿದ್ರೆ ಭಾವ ಅದನ್ನ ಪಂಚೆ ಅಂಚಲ್ಲಿ ಗಂಟು ಹಾಕ್ಕೊಂಡು ಯಾಕೆ ತರ್ಬೇಕಿತ್ತು? ಅಟ್ಟದ ಮೇಲೆ ಮಡಕೆ ತುಂಬ ಇದ್ದದ್ದನ್ನ ನಾನೇ ಕಣ್ಣಾರೆ ನೋಡಿದ್ದೆ ಅಕ್ಕ. ಅದನ್ನ ನೋಡೇ ಕೇಳಿದ್ದು. ಒಂದು ಮನೇಲಿ ಒಂಬತ್ತು ವರ್ಷ ನಿಮ್ಮ ಜೊತೆ ನೀರು ಸೇದಿದ್ದೆ ಆ ಗಿಡಕ್ಕೆ. ಒಂದು ಚಿಟಿಕೆಗೆ ಇಲಿ ಕಥೆ ಹೇಳಿದ್ರಿ."

ಪುಟ್ಟಬಸಮ್ಮ ತಲೆ ತಗ್ಗಿಸಿದಳು. ಇಟ್ಟಿಗೆಗೂಡಿನವರು ಯಾರೂ ಅದನ್ನು ನಂಬುತ್ತಿರಲಿಲ್ಲ.

"ಆರು ವರ್ಷ ಕೋಪ ಮಾಡ್ಕೊಂಡೇ ಇದಕ್ಕೆ ನೀರು ಹುಯ್ದಿದ್ದೀನಿ," ಅಂದಳು ಭಾಗ್ಯಮ್ಮ. ಅವಳ ದನಿ ಒಡೆಯುತ್ತಿತ್ತು. "ಒಂದಿನ ನೀವು ಬಂದು ನೋಡ್ಬೇಕು, ಹೊಟ್ಟೆ ಉರ್ಕೋಬೇಕು ಅಂತ. ನೋಡಿದ್ರಲ್ಲ. ಈಗ ಹೇಳಿ, ಯಾಕೆ ಬಂದ್ರಿ?"

ಹೇಳದೆ ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಹೋದರೆ ಅವ್ವನ ತಳಿ ಇನ್ನು ಅವಳ ಮನೆಯಲ್ಲಿ ಇರುವುದಿಲ್ಲ, ಅಷ್ಟೇ. ಪುಟ್ಟಬಸಮ್ಮನ ಕಣ್ಣಿನಿಂದ ನೀರು ಇಳಿಯಿತು, ಅದೂ ಕೋಪಕ್ಕೇ: ಗಂಡನ ಮೇಲೆ, ಎಮ್ಮೆಯ ಮೇಲೆ, ಎದುರಿಗೆ ನಿಂತವಳ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಅವತ್ತು ಅಟ್ಟದ ಕೆಳಗೆ ನಿಂತು ಇಲಿಯ ಮೇಲೆ ತಪ್ಪು ಹೊರಿಸಿದ ಆ ಹೆಂಗಸಿನ ಮೇಲೆ.

"ನನ್ನ ಹತ್ರ ಬೀಜ ಇಲ್ಲ ಕಣೆ," ಅಂದಳು. "ಒಂದು ಚಿಟಿಕೆ ಕೊಡು."

ಭಾಗ್ಯಮ್ಮ ಜಾಗ ಬಿಟ್ಟು ಕದಲಲಿಲ್ಲ. ಆಗ ಪುಟ್ಟಬಸಮ್ಮ ಸೊಂಟಕ್ಕೆ ಬಿಗಿದಿದ್ದ ಸೆರಗನ್ನು ಬಿಚ್ಚಿ, ಎರಡು ಕೈಯಲ್ಲೂ ಅಗಲಿಸಿ ಹಿಡಿದು, ತನಗಿಂತ ಎಂಟು ವರ್ಷಕ್ಕೆ ಚಿಕ್ಕವಳ ಮುಂದೆ ಒಡ್ಡಿ ನಿಂತಳು.