ಸ್ನಾನ ಮಾಡಿದ ಹಲಗೆ ನೆಲ

ಪಣಜಿಯ ಪೋರ್ಚುಗೀಸರ ಕಾಲದ ಕ್ಲಬ್ಬಿನಲ್ಲಿ ನಾನು ಕಸ ಗುಡಿಸುತ್ತಿದ್ದಾಗ ಅಲ್ಲೊಬ್ಬ ವಯಸ್ಸಾದ ಕಾವಲುಗಾರರಿದ್ದರು. ಒಳಗೆ ಬರುವಾಗ ಬಾಗಿಲ ಚೌಕಟ್ಟನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಏನು ಕೇಳಿದರೂ ಕೊಂಕಣಿಯಲ್ಲಿ 'ಬರೆಂ ಜಾತಲೆಂ', ಎಲ್ಲ ಚಲೋ ಆಗುತ್ತದೆ, ಎನ್ನುತ್ತಿದ್ದರು.

ಮೊದಲ ಶುಕ್ರವಾರ, ನಮ್ಮ ಮನೆಯಲ್ಲಿ ಮಾಡುವಂತೆ, ಸಾಹೇಬರು ಕುಣಿಯಲೆಂದು ಹಾಸಿದ್ದ ಹಲಗೆ ನೆಲಕ್ಕೆ ಕೊಡಗಟ್ಟಲೆ ನೀರು ಸುರಿದು ತೊಳೆದೆ. ಹಲಗೆಗಳು ಉಬ್ಬಿದವು. ಕಾವಲುಗಾರರ ಬಳಿ ಓಡಿದೆ.

"ತಪ್ಪಾತ್ರಿ ಮಾಮಾ. ನನ್ನ ಕೆಲಸ ಹೋತೇನ್ರಿ?"

"ಇಷ್ಟು ವರ್ಷ ಸಾಹೇಬ್ರು ಇದರ ಮ್ಯಾಲೆ ಕುಣದ್ರು, ಬಾಯಿ. ಸ್ನಾನ ಮಾಡ್ಸಿದಾಕಿ ನೀ ಒಬ್ಬಾಕಿ."

ಕ್ಲಬ್ಬಿನ ಸಾಹೇಬರು ಬಂದಾಗ, ನೀರು ಚೆಲ್ಲಿದ್ದು ತಾನೇ ಎಂದು ಕಾವಲುಗಾರರು ಹೇಳಿದರು. ಕಿಟಕಿಗಳನ್ನೆಲ್ಲ ತೆರೆದಿಟ್ಟರು. ವಾರದೊಳಗೆ ಹಲಗೆಗಳು ಒಣಗಿ ಮೊದಲಿನಂತೆ ಕೂತವು. ನನ್ನ ಕೆಲಸವೂ ಉಳಿಯಿತು.

ನಿನ್ನೆ ಅದೇ ನೆಲದ ಮೇಲೆ ನನ್ನ ಮೊಮ್ಮಗಳು ಶಾಲೆಯವರೊಂದಿಗೆ ಕುಣಿದಳು. ನಾನು ಅಳುತ್ತ ನಗುತ್ತ ನೋಡಿದೆ. ಹೊರಡುವಾಗ ಬಾಗಿಲ ಚೌಕಟ್ಟನ್ನು ಆ ಕಾವಲುಗಾರರ ಹಾಗೆಯೇ ತಟ್ಟಿ ಬಂದೆ.